ಮಾಯಾ ಲಿಪಿ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಮೇಡಂ, ನಾನು ಹಾಸನದವನು. ವಯಸ್ಸು 31. ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 2012ರಲ್ಲಿ ಪಿಯುಸಿ ಓದುತ್ತಿದ್ದಾಗ ಮಾಯಾ ಕ್ಯಾಲೆಂಡರ್ ಪ್ರಕಾರ ಡಿಸೆಂಬರ್ 21ಕ್ಕೆ ಪ್ರಳಯ ಎಂದು ಟಿವಿಯಲ್ಲಿ ದಿನವಿಡೀ ತೋರಿಸುತ್ತಿದ್ದರು. ಪ್ರಳಯ ಆಗಲಿಲ್ಲ. ಆದರೆ ಮಾಯಾ ಹುಚ್ಚು ನನಗೆ ಹತ್ತಿತು. ಈಗ ಅವರ ಲಿಪಿ ಓದಲು ಕಲಿಯಬೇಕೆಂದು ಮನಸ್ಸಾಗಿದೆ. ಮನೆಯಲ್ಲಿ ಮಾವ, ‘ಮಾಯಾ ಅಂದ್ರೆ ನಮ್ಮ ಮಯಾಸುರನೇ ಕಣೋ, ಹೊಯ್ಸಳರ ಗುಡಿಯಲ್ಲಿ ಮುಸುಕಿನ ಜೋಳ ಕೆತ್ತಿದ್ದಾರೆ ನೋಡು’ ಎನ್ನುತ್ತಾರೆ. ಗೆಳೆಯರು, ‘ಸತ್ತ ಭಾಷೆ ಕಲಿತು ಏನ್ ಮಾಡ್ತೀಯ’ ಎನ್ನುತ್ತಾರೆ. ಆನ್‌ಲೈನಿನಲ್ಲಿ ಒಬ್ಬರು 18 ಸಾವಿರ ರೂಪಾಯಿಗೆ 21 ದಿನದಲ್ಲಿ ಮಾಯಾ ಭಾಷೆ, ಲಿಪಿ, ಕ್ಯಾಲೆಂಡರ್ ಮೂರನ್ನೂ ಕಲಿಸಿ ದೀಕ್ಷೆಯನ್ನೂ ಕೊಡುತ್ತಾರಂತೆ. ಸೇರಲೇ? ಸ್ಪ್ಯಾನಿಷ್ ಕಲಿಯಲೇಬೇಕಾ? ಮೋಸ ಹೋಗುತ್ತೇನೆ ಎಂಬ ಭಯವೂ ಇದೆ, ಬಿಟ್ಟುಬಿಡಲು ಮನಸ್ಸೂ ಇಲ್ಲ. ಇನ್ನೊಂದು ಆಸೆ, ನಗಬೇಡಿ: ಊರಿನ ಹೆಸರನ್ನು ಮಾಯಾ ಲಿಪಿಯಲ್ಲಿ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳಬೇಕು.

ಉತ್ತರ: ನಗುವುದಿಲ್ಲ. ಹಚ್ಚೆಯ ವಿಷಯ ಕೊನೆಗೆ ಇಟ್ಟುಕೊಳ್ಳೋಣ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ತುಂಬಾ ಇವೆ, ಆದರೆ ಭಯ ಒಂದೇ. ಇಷ್ಟು ಸಮಯ, ದುಡ್ಡು ಹಾಕಿ ಕೊನೆಗೆ ಸುಳ್ಳನ್ನೇ ಕಲಿತುಬಿಟ್ಟರೆ ಎಂಬ ಭಯ. ಅದು ಸರಿಯಾದ ಭಯವೇ. ಮಾಯಾ ಬಗ್ಗೆ ನಮಗೆ ಸಿಗುವ ಮಾತುಗಳಲ್ಲಿ ಹೊಟ್ಟು ಜಾಸ್ತಿ, ಕಾಳು ಕಡಿಮೆ.

ಮೊದಲು ಗೆಳೆಯರ ಮಾತು. ಅದು ಪೂರ್ತಿ ತಪ್ಪು. ಮಾಯಾ ಎಂಬುದು ಒಂದು ಭಾಷೆಯಲ್ಲ, ಸುಮಾರು 30 ಭಾಷೆಗಳ ಒಂದು ಕುಟುಂಬ. ಮಧ್ಯ ಅಮೆರಿಕದ ಗ್ವಾಟೆಮಾಲಾ ಒಂದೇ ದೇಶ 22 ಮಾಯಾ ಭಾಷೆಗಳನ್ನು ಅಧಿಕೃತವಾಗಿ ಗುರುತಿಸಿದೆ. ಅಲ್ಲಿನ 2018ರ ಜನಗಣತಿಯಲ್ಲಿ 60 ಲಕ್ಷಕ್ಕೂ ಹೆಚ್ಚು ಜನ ತಾವು ಮಾಯಾ ಎಂದು ಬರೆಸಿದರು. ಅಂದರೆ ದೇಶದ 10 ಜನರಲ್ಲಿ 4 ಜನ. ಕಿಚೆ ಮತ್ತು ಕೆಕ್ಚಿ ಭಾಷೆಗಳನ್ನು ಆಡುವವರು ತಲಾ 10 ಲಕ್ಷಕ್ಕೂ ಜಾಸ್ತಿ. ಮೆಕ್ಸಿಕೋದ ಯುಕತಾನ್ ಕಡೆಯ ಮಾಯಾ ಭಾಷೆಗೆ 7 ಲಕ್ಷಕ್ಕೂ ಹೆಚ್ಚು ಮಾತುಗಾರರಿದ್ದಾರೆ. ಚಿಯಾಪಾಸ್ ರಾಜ್ಯದಲ್ಲಿ ತ್ಸೆಲ್ತಾಲ್, ತ್ಸೋತ್ಸಿಲ್, ಚೋಲ್ ಭಾಷೆಗಳಿವೆ. ಕಿಚೆಯವರಿಗೆ ಯುಕತಾನಿನ ಮಾತು ಅರ್ಥವಾಗುವುದಿಲ್ಲ. ಕನ್ನಡದವರು ಜಾರ್ಖಂಡ್ ಕಡೆಯ ದ್ರಾವಿಡ ಭಾಷೆ ಕುರುಖ್ ಕೇಳಿದಂತೆ, ನೆಂಟಸ್ತಿಕೆ ಇದೆ, ಆದರೆ ಮಾತು ತಿಳಿಯದು.

ಹಾಗಾದರೆ ‘ಮಾಯವಾದ ಮಾಯಾ ಜನ’ ಎಂಬ ಕಥೆ ಎಲ್ಲಿಂದ ಬಂತು? 8 ಮತ್ತು 9ನೇ ಶತಮಾನದಲ್ಲಿ ತಿಕಾಲ್, ಪಾಲೆಂಕೆ, ಕೋಪಾನ್‌ನಂಥ ಮಾಯಾ ನೆಲದ ದಕ್ಷಿಣ ಭಾಗದ ದೊಡ್ಡ ಊರುಗಳು ಖಾಲಿಯಾದವು. ಬರ, ರಾಜರ ನಡುವಿನ ಯುದ್ಧ, ಜನಸಂಖ್ಯೆಯ ಒತ್ತಡ ಎಲ್ಲ ಸೇರಿ ಹಾಗಾಯಿತು. ಊರು ಖಾಲಿಯಾಯಿತು, ಜನ ಬೇರೆ ಕಡೆ ಹೋದರು. ಹಂಪಿ ಹಾಳಾಯಿತು ಎಂದು ಕನ್ನಡಿಗರು ಮಾಯವಾದರು ಎನ್ನುತ್ತೇವಾ? ಗ್ವಾಟೆಮಾಲಾದ ಪೆತೆನ್ ಕಾಡಿನ ಸರೋವರದ ನಡುವಿನ ಇತ್ಸಾ ಮಾಯಾ ರಾಜ್ಯ ಸ್ಪೇನಿನವರ ಕೈಗೆ ಬಿದ್ದದ್ದು 1697ರಲ್ಲಿ. ಅಷ್ಟು ಹೊತ್ತಿಗೆ ನಮ್ಮಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ ನಡೆಯುತ್ತಿತ್ತು.

ಇನ್ನು ಮಾವನವರ ಮಾತು. ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಮಯ ಎಂಬುವನು ಮಹಾಭಾರತದಲ್ಲಿ ಪಾಂಡವರಿಗೆ ಸಭೆ ಕಟ್ಟಿಕೊಟ್ಟ ದಾನವ ಶಿಲ್ಪಿ. ಮಾಯಾ ಎಂಬುದು ಯುಕತಾನ್ ಪ್ರದೇಶದ ಜನ ಬಳಸುತ್ತಿದ್ದ ಹೆಸರು. ಮಾಯಾಪಾನ್ ಎಂಬ ಊರಿನ ಹೆಸರಲ್ಲಿ ಅದು ಇನ್ನೂ ಇದೆ. ತಿಕಾಲ್‌ನ ರಾಜರು ತಮ್ಮನ್ನು ಮಾಯಾ ಎಂದು ಕರೆದುಕೊಂಡದ್ದಕ್ಕೆ ಒಂದು ಶಾಸನವೂ ಇಲ್ಲ. ಇಡೀ ಕುಟುಂಬಕ್ಕೆ ಈ ಹೆಸರು ಅಂಟಿದ್ದು ಆಮೇಲೆ. ಎರಡು ಪದ ಕಿವಿಗೆ ಒಂದೇ ಥರ ಕೇಳಿಸಿತು ಎಂದು ನೆಂಟಸ್ತಿಕೆ ಕಟ್ಟಬಾರದು. ಕಿಚೆಯಲ್ಲಿ ಹಿರಿಯ ಗಂಡಸರನ್ನು ‘ತಾತ್’ ಎಂದು ಕರೆಯುತ್ತಾರೆ. ಮೊದಲ ಸಲ ಕೇಳಿದಾಗ ನನಗೂ ಮೈ ಜುಮ್ಮೆಂದಿತು. ಆದರೆ ಲೋಕದ ತುಂಬ ಮಕ್ಕಳ ಬಾಯಿಗೆ ಮೊದಲು ಬರುವುದು ತ, ಪ, ಮ, ನ ಧ್ವನಿಗಳೇ. ಅಪ್ಪ, ಅಮ್ಮ, ತಾತನಂಥ ಪದಗಳು ಎಲ್ಲೆಲ್ಲೂ ಹೋಲುವುದು ಅದಕ್ಕೇ.

ಜೋಳದ ಕಥೆಯಲ್ಲಿ ಸ್ವಲ್ಪ ಹೆಚ್ಚು ಹುರುಳಿದೆ. ಅದು ಸುಮ್ನೆ ವಾಟ್ಸಾಪಿನಲ್ಲಿ ಹುಟ್ಟಿದ್ದಲ್ಲ. 1989ರಲ್ಲಿ ಅಮೆರಿಕದ ಭೂಗೋಳ ವಿದ್ವಾಂಸ ಕಾರ್ಲ್ ಜೋಹಾನೆಸೆನ್ ಮತ್ತು ಆನ್ ಪಾರ್ಕರ್ ಒಂದು ಲೇಖನ ಬರೆದರು. ಸೋಮನಾಥಪುರವೂ ಸೇರಿದಂತೆ ಹೊಯ್ಸಳ ಗುಡಿಗಳಲ್ಲಿ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆ ಎಂಬುದು ಅವರ ವಾದ. ಮುಸುಕಿನ ಜೋಳ ಹುಟ್ಟಿದ್ದು ಮೆಕ್ಸಿಕೋದಲ್ಲಿ. ಕೊಲಂಬಸ್ ಹೊರಟದ್ದು 1492ರಲ್ಲಿ. 13ನೇ ಶತಮಾನದ ಸೋಮನಾಥಪುರಕ್ಕೆ ಅದು ಬಂದಿದ್ದರೆ ಇಡೀ ಚರಿತ್ರೆ ತಿದ್ದಬೇಕಾಗುತ್ತದೆ. 1993ರಲ್ಲಿ ಭಾರತದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್ ಅದನ್ನು ಒಪ್ಪಲಿಲ್ಲ. ಅದು ಮುಕ್ತಾಫಲ, ಮುತ್ತು ಪೋಣಿಸಿದ ಕಲ್ಪನೆಯ ಹಣ್ಣು ಎಂದರು. ನಾನು ಅವರ ಕಡೆ. ಕಾರಣ ಸರಳ. ಒಂದು ಬೆಳೆ ನಿಜವಾಗಿ ಬಂದಿದ್ದರೆ ಹೊಲ, ಒಲೆ, ಕಣಜ ಎಲ್ಲ ಕಡೆ ಗುರುತು ಬಿಡುತ್ತದೆ. ಗುಡಿಯ ಗೋಡೆಯಲ್ಲಿ ಮಾತ್ರ ಕೂರುವುದಿಲ್ಲ. ಮಾವನವರನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿ, ಹತ್ತಿರದಿಂದ ನೋಡಿ. ಕಾಳಿನ ಸಾಲು, ಮೇಲಿನ ಗೊಂಡೆ ಎಲ್ಲವನ್ನೂ ಗಮನಿಸಿ. ಜಗಳ ಆಡಲು ಒಳ್ಳೆಯ ಜಾಗ ಅದು.

ಮಾವ ಇನ್ನೂ ಒಂದು ಬಾಣ ಬಿಡಬಹುದು, ಆದ್ದರಿಂದ ಮೊದಲೇ ಹೇಳುತ್ತೇನೆ. ಮಾಯಾ ಜನರ ‘ದೊಡ್ಡ ಲೆಕ್ಕ’, ಅಂದರೆ ಒಂದು ಮೊದಲ ದಿನದಿಂದ ಎಣಿಸುತ್ತ ಹೋಗುವ ಕ್ಯಾಲೆಂಡರ್, ಶುರುವಾಗುವುದು ಕ್ರಿ.ಪೂ. 3114ರಲ್ಲಿ, ನಮ್ಮ ಕಲಿಯುಗ ಕ್ರಿ.ಪೂ. 3102ರಲ್ಲಿ. 12 ವರ್ಷದ ಅಂತರ ಅಷ್ಟೇ! ಎರಡೂ ಆಮೇಲಿನ ಕಾಲದಲ್ಲಿ ಕೂತು ಹಿಂದಕ್ಕೆ ಎಣಿಸಿ ಇಟ್ಟ ದಿನಗಳು. ಆ ದಿನ ಯಾರೂ ಕೂತು ಬರೆದಿಟ್ಟಿಲ್ಲ. ಕಾಕತಾಳೀಯ ಎಂದು ಪಕ್ಕಕ್ಕಿಡಿ.

2012ರ ಪ್ರಳಯ ನಿಮಗೆ ಅರ್ಥ ಮಾಡಿಸುವುದು ಸುಲಭ. ನಮ್ಮ 60 ಸಂವತ್ಸರಗಳಲ್ಲಿ ಅಕ್ಷಯ ಮುಗಿದ ಮೇಲೆ ಏನಾಗುತ್ತದೆ? ಮತ್ತೆ ಪ್ರಭವ ಬರುತ್ತದೆ. ಮಾಯಾ ಲೆಕ್ಕದಲ್ಲಿ 1,44,000 ದಿನಕ್ಕೆ ಒಂದು ಬಕ್ತುನ್. 13 ಬಕ್ತುನ್ ತುಂಬಿದ್ದು 2012ರ ಡಿಸೆಂಬರ್ 21ರಂದು. ಗಾಡಿಯ ಮೀಟರ್ ತಿರುಗಿದ ಹಾಗೆ. ಪಾಲೆಂಕೆಯ ಒಂದು ಶಾಸನ ಕ್ರಿ.ಶ. 4772ರಲ್ಲಿ ಬರುವ ದಿನವೊಂದನ್ನು ಹೆಸರಿಸುತ್ತದೆ. 2012ಕ್ಕೆ ಎಲ್ಲ ಮುಗಿಯುತ್ತದೆ ಎಂದು ನಂಬಿದವರು ಅಷ್ಟು ದೂರದ ದಿನವನ್ನು ಯಾಕೆ ಕಲ್ಲಿಗೆ ಹಾಕುತ್ತಾರೆ?

ಈಗ ನಿಮ್ಮ ನಿಜವಾದ ಆಸೆಗೆ ಬರುತ್ತೇನೆ. ಲಿಪಿ.

ಲಿಪಿ ಕಲಿಯಲು ಕನ್ನಡಿಗರಿಗೆ ಒಂದು ಅನುಕೂಲ ಇದೆ. ಅದು ಗೊತ್ತಾಗಲು ಒಂದು ಹಳೆ ಕಥೆ ಹೇಳಬೇಕು. ದಿಯೇಗೋ ದೆ ಲಾಂದಾ ಎಂಬ ಸ್ಪೇನಿನ ಪಾದ್ರಿ 1562ರ ಜುಲೈನಲ್ಲಿ ಯುಕತಾನಿನ ಮಾನಿ ಎಂಬ ಊರಿನಲ್ಲಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟ. ಇವತ್ತು ಜಗತ್ತಿನಲ್ಲಿ ಉಳಿದಿರುವುದು ನಾಲ್ಕೇ ನಾಲ್ಕು ಪುಸ್ತಕ. ಆಮೇಲೆ ಅದೇ ಮನುಷ್ಯ ಕೂತು ಮಾಯಾ ಜನರ ಬಗ್ಗೆ ಒಂದು ವಿವರಣೆ ಬರೆದ. ಅದರಲ್ಲಿ ಅವರ ‘ಎ ಬಿ ಸಿ’ಯನ್ನೂ ಕೊಟ್ಟ. ಅವನು ಒಬ್ಬ ಮಾಯಾ ಬರಹಗಾರನನ್ನು ಕೂರಿಸಿಕೊಂಡು ಸ್ಪ್ಯಾನಿಷ್ ಅಕ್ಷರಗಳ ಹೆಸರು ಹೇಳುತ್ತ ಹೋದ. ‘ಬೆ’ ಎಂದ. ಆತ ದಾರಿಯ ಮೇಲಿನ ಹೆಜ್ಜೆ ಗುರುತು ಬರೆದ. ಅವರ ಭಾಷೆಯಲ್ಲಿ ಬೆ ಎಂದರೆ ದಾರಿ. ಆಮೇಲೆ ‘ಲೆ’ ಎಂಬ ಪದ ಬರೆ ಎಂದು ಸ್ಪ್ಯಾನಿಷ್ ಕ್ರಮದಲ್ಲಿ ಬಿಡಿಸಿ ಹೇಳಿದ: ‘ಎಲೆ, ಎ, ಲೆ’. ಎಲೆ ಎಂಬುದು ಸ್ಪ್ಯಾನಿಷ್‌ನಲ್ಲಿ ಒಂದು ಅಕ್ಷರದ ಹೆಸರು. ಪಾಪ, ಆತ ಕೇಳಿದ್ದನ್ನು ಕೇಳಿದ ಹಾಗೆ ಬರೆದ: ಎ-ಲೆ-ಎ-ಲೆ. ಕೊನೆಗೆ ಯಾವುದಾದರೂ ವಾಕ್ಯ ಬರೆ ಎಂದಾಗ ಆತ ಬರೆದದ್ದು ‘ಮಾ ಇನ್ ಕಾತಿ’. ಅರ್ಥ, ‘ನನಗೆ ಬೇಡ’.

ಈ ಕಥೆಯಲ್ಲಿ ತಪ್ಪು ಯಾರದು ಎಂದು ನಿಮಗೆ ತಟ್ಟನೆ ಗೊತ್ತಾಯಿತು, ಅಲ್ವಾ? ಒಂಟಿ ವ್ಯಂಜನಕ್ಕೆ ಒಂದು ಅಕ್ಷರ ಎಂದು ಲಾಂದಾ ತಿಳಿದಿದ್ದ. ಆದರೆ ಮಾಯಾದಲ್ಲಿ ಕ, ಕಿ, ಕು ಎಂದು ಸ್ವರ ಸೇರಿದ ಅಕ್ಷರಗಳು. ಯುರೋಪಿನವರಿಗೆ ಇದು ಹೊಳೆಯಲು 400 ವರ್ಷ ಬೇಕಾಯಿತು. ಕಾಗುಣಿತ ಬರೆದು ಬೆಳೆದ ನಮಗೆ ಅದು ಸಹಜ. ಒಂದು ವ್ಯತ್ಯಾಸ ನೆನಪಿಡಿ. ನಮ್ಮ ಕ, ಕಿ, ಕು ಒಂದೇ ಮುಖದವು. ಅವರ ಕ, ಕಿ, ಕು ಮೂರಕ್ಕೂ ಮೂರು ಬೇರೆ ಬೇರೆ ಚಿತ್ರ. ಜೊತೆಗೆ ಇಡೀ ಪದಕ್ಕೆ ಒಂದೇ ಚಿತ್ರವೂ ಇರುತ್ತದೆ. ಹುಲಿಯಂಥ ಜಾಗ್ವಾರ್ ಪ್ರಾಣಿಗೆ ‘ಬಲಮ್’ ಎಂದು ಹೆಸರು. ಅದರ ತಲೆ ಬರೆದರೂ ಬಲಮ್. ತಲೆಯ ಪಕ್ಕ ಬ ಸೇರಿಸಿದರೂ ಬಲಮ್. ಬ-ಲ-ಮ ಎಂದು ಬಿಡಿಸಿ ಬರೆದರೂ ಬಲಮ್. ಕೊನೆಯ ಮ ದಲ್ಲಿರುವ ಅ ಬರವಣಿಗೆಯಲ್ಲಿ ಇರುತ್ತದೆ, ಬಾಯಲ್ಲಿ ಬರುವುದಿಲ್ಲ.

ಈ ಗುಟ್ಟನ್ನು ಬಿಡಿಸಿದವನು ಯೂರಿ ಕ್ನೋರೋಝೋವ್. 1952ರಲ್ಲಿ, ಸೋವಿಯತ್ ದೇಶದಲ್ಲಿ ಕೂತು, ಮಾಯಾ ನೆಲಕ್ಕೆ ಕಾಲಿಡದೆ. ಅವನ ದಾರಿ ಎಷ್ಟು ಚೆಂದ ನೋಡಿ. ಉಳಿದ ಮಾಯಾ ಪುಸ್ತಕದಲ್ಲಿ ಟರ್ಕಿ ಕೋಳಿಯ ಚಿತ್ರ. ಮೇಲೆ ಎರಡು ಅಕ್ಷರ. ಮೊದಲನೆಯದು ಲಾಂದಾ ಪಟ್ಟಿಯ ಪ್ರಕಾರ ಕು. ಯುಕತಾನಿನ ಮಾತಿನಲ್ಲಿ ಟರ್ಕಿ ಕೋಳಿಗೆ ಕುತ್ಸ್. ಹಾಗಾದರೆ ಎರಡನೆಯದು ತ್ಸು ಇರಬೇಕು. ಇನ್ನೊಂದು ಕಡೆ ನಾಯಿಯ ಚಿತ್ರ. ಮೇಲೆ ಎರಡು ಅಕ್ಷರ, ಮೊದಲನೆಯದು ಈಗಷ್ಟೇ ಊಹಿಸಿದ ತ್ಸು, ಎರಡನೆಯದು ಲಾಂದಾ ಪಟ್ಟಿಯ ಲ್. ತ್ಸು-ಲು. ಹಳೆ ನಿಘಂಟು ತೆಗೆದರೆ ನಾಯಿಗೆ ತ್ಸುಲ್ ಎಂದಿದೆ! ಆ ಕಾಲದ ದೊಡ್ಡ ಪಂಡಿತ, ಇಂಗ್ಲೆಂಡಿನ ಎರಿಕ್ ಥಾಂಪ್ಸನ್ ಇದನ್ನು ಒಪ್ಪಲೇ ಇಲ್ಲ. 1975ರಲ್ಲಿ ಆತ ತೀರಿಕೊಳ್ಳುವವರೆಗೂ ಹೊಸಬರು ಧೈರ್ಯವಾಗಿ ಮಾತಾಡಲು ಹಿಂಜರಿದರು. ಶೀತಲ ಸಮರದ ಕಾಲ ಬೇರೆ.

ಕ್ನೋರೋಝೋವ್ ಗೆದ್ದದ್ದು ಹೇಗೆ, ಗಮನಿಸಿದಿರಾ? ಟರ್ಕಿ ಕೋಳಿಗೆ ಜನ ಏನೆನ್ನುತ್ತಾರೆ, ನಾಯಿಗೆ ಏನೆನ್ನುತ್ತಾರೆ ಎಂದು ಹುಡುಕಿದ. ಲಿಪಿಯ ಕೀಲಿ ಮಾತಿನಲ್ಲಿತ್ತು.

ನಾನು ಇದನ್ನು ಕಲಿತದ್ದು ಸ್ವಲ್ಪ ನಾಚಿಕೆಯ ರೀತಿಯಲ್ಲಿ. ಶುರುವಿನ ಎರಡು ವರ್ಷ ನಾನೂ ನಿಮ್ಮ ಹಾಗೆ ಬರೀ ಲಿಪಿ ಹಿಡಿದು ಕೂತಿದ್ದೆ. ಕೋಪಾನ್‌ನ ಶಿಲೆಗಳ ಮೇಲಿನ ತಾರೀಖು ಓದುತ್ತಿದ್ದೆ, ರಾಜರ ಹೆಸರು ಪಟಪಟ ಹೇಳುತ್ತಿದ್ದೆ. ಹೊಂಡುರಾಸ್ ದೇಶದಲ್ಲಿರುವ ಆ ಊರಿನಿಂದ ಗಡಿ ದಾಟಿ ಗ್ವಾಟೆಮಾಲಾದ ಹೊಕೊತಾನ್ ಕಡೆ ಹೋದೆ. ಅಲ್ಲಿ ಚೋರ್ತಿ ಭಾಷೆ ಆಡುತ್ತಾರೆ. ಹಳೆ ಶಾಸನಗಳ ಭಾಷೆಗೆ ಇವತ್ತು ತೀರಾ ಹತ್ತಿರದ ನೆಂಟ ಅದು. ಒಬ್ಬ ಹುಡುಗ ತಮ್ಮ ಮನೆ ತೋರಿಸುತ್ತ ಏನೋ ಹೇಳಿದ. ಅದರ ನಡುವೆ ‘ಓತೋತ್’ ಎಂಬ ಪದ ಕೇಳಿಸಿತು. ಓತೋತ್, ಅಂದರೆ ಮನೆ. ಸಾವಿರ ವರ್ಷಕ್ಕಿಂತ ಹಳೆಯ ಬಾಗಿಲ ತೊಲೆಗಳ ಮೇಲೆ ನಾನು ಓದುತ್ತಿದ್ದ ಪದ. ನನಗೆ ಅದು ಶಾಸನದ ಪದ, ಅವನಿಗೆ ಅವರಮ್ಮ ಅಡುಗೆ ಮಾಡುವ ಜಾಗ. ಅವನು ಮುಂದೆ ಏನು ಕೇಳಿದನೋ ನನಗೆ ಒಂದಕ್ಷರ ತಿಳಿಯಲಿಲ್ಲ. ಸುಮ್ಮನೆ ನಕ್ಕು ನಿಂತೆ.

ಹಲ್ಮಿಡಿ ನಿಮ್ಮದೇ ಜಿಲ್ಲೆ. ಆ ಶಾಸನ ಸುಮಾರು 450ರದು ಎನ್ನುತ್ತಾರೆ. ತಿಕಾಲ್‌ನ ಪ್ರಸಿದ್ಧ 31ನೇ ಶಿಲೆ 445ರದು. ಹೆಚ್ಚುಕಡಿಮೆ ಒಂದೇ ಕಾಲದವು. ಈಗ ಯೋಚಿಸಿ. ಕನ್ನಡ ಬಾರದ ಒಬ್ಬ ವಿದೇಶಿ ಹಲ್ಮಿಡಿ ಶಾಸನ ಓದಲು ಹೊರಟರೆ ನೀವು ಏನು ಹೇಳುತ್ತೀರಿ? ಮೊದಲು ನಾಲ್ಕು ಮಾತು ಕನ್ನಡ ಕಲಿ ಮಾರಾಯ ಎನ್ನುತ್ತೀರಿ. ನಾನು ನಿಮಗೆ ಹೇಳುವುದೂ ಅದನ್ನೇ.

ಯಾವ ಭಾಷೆ? ನಿಮಗೆ ಲಿಪಿಯೇ ಮುಖ್ಯವಾದರೆ ಯುಕತಾನಿನ ಮಾಯಾ ಒಳ್ಳೆಯದು. ಚೋರ್ತಿ ಇನ್ನೂ ಹತ್ತಿರ, ಆದರೆ ಪಾಠಗಳು ಸಿಗುವುದು ಕಷ್ಟ. ಜನ, ಕಥೆ, ಈಗಿನ ಬದುಕು ಮುಖ್ಯವಾದರೆ ಕಿಚೆ. ಮನುಷ್ಯರನ್ನು ಮುಸುಕಿನ ಜೋಳದ ಹಿಟ್ಟಿನಿಂದ ಮಾಡಿದ ಕಥೆ ಇರುವ ಪೋಪೋಲ್ ವುಹ್ ಎಂಬ ಗ್ರಂಥ ಕಿಚೆಯಲ್ಲಿದೆ. ಮೊದಲು ಮಣ್ಣಿನಿಂದ ಮಾಡಿದರಂತೆ, ಕರಗಿತು. ಮರದಿಂದ ಮಾಡಿದರು, ಅದಕ್ಕೆ ಮನಸ್ಸೇ ಇರಲಿಲ್ಲ. ಕೊನೆಗೆ ಜೋಳ ನಿಂತಿತು.

ಕಷ್ಟಗಳನ್ನೂ ಹೇಳಿಬಿಡುತ್ತೇನೆ. ಮೊದಲನೆಯದು ಧ್ವನಿ. ಮಾಯಾ ಭಾಷೆಗಳಲ್ಲಿ ಗಂಟಲನ್ನು ಚಕ್ ಎಂದು ಮುಚ್ಚಿ ಬಿಡುವ ವ್ಯಂಜನಗಳಿವೆ. ರೋಮನ್ ಅಕ್ಷರದಲ್ಲಿ ಬರೆಯುವಾಗ ಪಕ್ಕದಲ್ಲಿ ಒಂದು ಸಣ್ಣ ಕೊಂಬು ಹಾಕುತ್ತಾರೆ. ನಮ್ಮವರು ಅದನ್ನು ಖ, ಠ ಥರ ಉಸಿರು ಬಿಟ್ಟು ಹೇಳುತ್ತಾರೆ. ತಪ್ಪು. ಅಲ್ಲಿ ಉಸಿರು ಹೊರಗೆ ಹೋಗಬಾರದು. ಯುಕತಾನಿನ ಮಾತಿನಲ್ಲಿ ಹಾವು, ಆಕಾಶ, ನೇತಾಡುವ ಜೋಲಿ ಮೂರಕ್ಕೂ ಮೂರು ಪದ. ಕನ್ನಡ ಲಿಪಿಯಲ್ಲಿ ಬರೆದರೆ ಮೂರೂ ‘ಕಾನ್’ ಆಗಿಬಿಡುತ್ತವೆ! ಆದ್ದರಿಂದ ಕನ್ನಡದಲ್ಲಿ ಬರೆದುಕೊಂಡು ಕಲಿಯುವ ಅಭ್ಯಾಸ ಮೊದಲ ದಿನವೇ ಬಿಡಿ, ಕಿವಿಯಿಂದ ಕಲಿಯಿರಿ. ನಾನು ಒಮ್ಮೆ ಜೋಲಿಯಲ್ಲಿ ಮಲಗಿದೆ ಎನ್ನಲು ಹೋಗಿ ಹಾವಿನಲ್ಲಿ ಮಲಗಿದೆ ಎಂದಿದ್ದೆ. ಮನೆಯವರೆಲ್ಲ ಅರ್ಧ ಗಂಟೆ ನಕ್ಕರು.

ವ್ಯಾಕರಣಕ್ಕೆ ಇಂಗ್ಲಿಷಿನವರು ಹೆದರುತ್ತಾರೆ, ನೀವು ಹೆದರಬೇಡಿ. ಕಿಚೆಯಲ್ಲಿ ‘ಶಾತಿನ್‌ವಿಲೊ’ ಎಂಬ ಒಂದೇ ಪದಕ್ಕೆ ‘ನಾನು ನಿನ್ನನ್ನು ನೋಡಿದೆ’ ಎಂದರ್ಥ. ‘ನೋಡಿಕೊಳ್ಳುತ್ತಿದ್ದೇನೆ’ ಎಂದು ಒಂದೇ ಉಸಿರಿಗೆ ಹೇಳುವ ನಮಗೆ ಇದೇನು ದೊಡ್ಡದು? ಆದರೆ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಮೊದಲಲ್ಲೇ ಬರುತ್ತದೆ, ನಮ್ಮದಕ್ಕೆ ಪೂರ್ತಿ ಉಲ್ಟಾ. ಎಣಿಕೆಯಲ್ಲಿ ಇನ್ನೊಂದು ಖುಷಿ ಇದೆ. ನಾವು ಒಂದು ಮನೆ, ಒಬ್ಬ ಹುಡುಗ ಎನ್ನುತ್ತೇವೆ. ಯುಕತಾನಿನಲ್ಲೂ ವಸ್ತುಗಳಿಗೆ ಒಂದು ಥರ, ಜೀವ ಇರುವುದಕ್ಕೆ ಇನ್ನೊಂದು ಥರ. ನಾಯಿಯೂ ಆ ಎರಡನೇ ಗುಂಪಿಗೆ ಸೇರುತ್ತದೆ, ಅಷ್ಟೇ ವ್ಯತ್ಯಾಸ. ಎಣಿಸುವುದು 20ರ ಲೆಕ್ಕದಲ್ಲಿ. ಕಿಚೆಯಲ್ಲಿ 20ಕ್ಕೆ ಇರುವ ಪದದ ಒಳಗೆ ಮನುಷ್ಯ ಎಂಬ ಪದ ಕೂತಿದೆ. ಕೈಕಾಲು ಬೆರಳೆಲ್ಲ ಮುಗಿದರೆ ಒಬ್ಬ ಮನುಷ್ಯ.

ಮರ್ಯಾದೆಯ ವಿಷಯದಲ್ಲಿ ಎಚ್ಚರ. ಕಿಚೆಯಲ್ಲಿ ನೀನು, ನೀವು ಬೇರೆ ಬೇರೆ ಇವೆ. ‘ಲಾ ಉತ್ಸ್ ಅವಚ್’ ಎಂದರೆ ಚೆನ್ನಾಗಿದ್ದೀಯಾ. ‘ಲಾ ಉತ್ಸ್ ವಚ್ ಲಾ’ ಎಂದರೆ ಚೆನ್ನಾಗಿದ್ದೀರಾ. ನಾನಿದ್ದ ಮನೆಯ ಅಜ್ಜಿಗೆ ಮೊದಲ ವಾರ ಏಕವಚನದಲ್ಲೇ ಮಾತಾಡಿದ್ದೆ. ಆಕೆ ಏನೂ ಅನ್ನಲಿಲ್ಲ. ಎಂಟನೇ ದಿನ ರೊಟ್ಟಿ ತಟ್ಟುತ್ತ ಕೇಳಿದರು: ‘ನಿಮ್ಮ ಊರಿನಲ್ಲಿ ಅಜ್ಜಿಗೆ ಹೀಗೇ ಕರೀತಾರಾ?’ ಕನ್ನಡದವಳಾಗಿ ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು.

ಸ್ಪ್ಯಾನಿಷ್ ಕಲಿಯಲೇಬೇಕಾ ಎಂದು ಕೇಳಿದ್ದೀರಿ. ಹೌದು. ಸುತ್ತಿ ಬಳಸಿ ಹೇಳುವುದಿಲ್ಲ. ಒಳ್ಳೆಯ ವ್ಯಾಕರಣ, ನಿಘಂಟು, ಪಾಠ ಜಾಸ್ತಿ ಇರುವುದು ಸ್ಪ್ಯಾನಿಷ್‌ನಲ್ಲೇ. ಗ್ವಾಟೆಮಾಲಾದ ಮಾಯಾ ಭಾಷೆಗಳ ಅಕಾಡೆಮಿ 1990ರಲ್ಲಿ ಕಾನೂನಿನ ಮಾನ್ಯತೆ ಪಡೆಯಿತು. ಅದರ ಪ್ರಕಟಣೆಗಳು ಸ್ಪ್ಯಾನಿಷ್ ಮತ್ತು ಮಾಯಾ ಭಾಷೆಗಳಲ್ಲಿವೆ. ದಿನಕ್ಕೆ ಒಂದು ಗಂಟೆ ಕೊಟ್ಟರೆ ಒಂದು ವರ್ಷದಲ್ಲಿ ಪಾಠ ಓದುವಷ್ಟು ಸ್ಪ್ಯಾನಿಷ್ ಬರುತ್ತದೆ. ಇಂಗ್ಲಿಷ್ ಮೂಲಕವೂ ಕೆಲವು ದಾರಿಗಳಿವೆ. ಆಸ್ಟಿನ್‌ನಲ್ಲಿರುವ ಟೆಕ್ಸಸ್ ವಿಶ್ವವಿದ್ಯಾಲಯ ಕಿಚೆ ಪಾಠಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ. ಲಿಪಿಗೆ ‘ವಾಯೆಬ್’ ಎಂಬ ಯುರೋಪಿನ ಮಾಯಾ ವಿದ್ವಾಂಸರ ಸಂಘ ಒಂದು ಕೈಪಿಡಿಯನ್ನು ಉಚಿತವಾಗಿ ಕೊಡುತ್ತದೆ. ನಾನು ಹೊಸಬರಿಗೆ ಮೊದಲು ಕೈಗೆ ಕೊಡುವುದು ಅದನ್ನೇ. ಅಂದರೆ ನಿಮ್ಮ 18 ಸಾವಿರ ಜೇಬಿನಲ್ಲೇ ಇರಲಿ.

ಆ 21 ದಿನದ ಕೋರ್ಸ್ ಬಗ್ಗೆ. ಅವರು ಯಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. 21 ದಿನದಲ್ಲಿ ಕನ್ನಡ ಭಾಷೆ, ಹಳಗನ್ನಡ ಲಿಪಿ, ಪಂಚಾಂಗ ಮೂರನ್ನೂ ಕಲಿಸಿ ಜೋಯಿಸರನ್ನಾಗಿ ಮಾಡುತ್ತೇವೆ ಎಂದರೆ ನಂಬುತ್ತೀರಾ? 260 ದಿನದ ಕ್ಯಾಲೆಂಡರ್ ಇವತ್ತಿಗೂ ಗ್ವಾಟೆಮಾಲಾದ ಬೆಟ್ಟದ ಊರುಗಳಲ್ಲಿ ಜೀವಂತವಾಗಿದೆ. ಅದನ್ನು ಲೆಕ್ಕ ಇಡುವವರಿಗೆ ಕಿಚೆಯಲ್ಲಿ ‘ಅಹ್‌ಕಿಹ್’ ಎನ್ನುತ್ತಾರೆ, ದಿನದವರು ಎಂದರ್ಥ. ಮೊಮೊಸ್ತೆನಾಂಗೊ ಊರಿನಲ್ಲಿ 8 ಬಾತ್ಸ್ ಎಂಬ ದಿನ ಹೊಸಬರಿಗೆ ದೀಕ್ಷೆ. ಅದಕ್ಕೆ ಮೊದಲು ತಿಂಗಳುಗಟ್ಟಲೆ ಗುರುವಿನ ಹಿಂದೆ ಓಡಾಡಬೇಕು. ಮಗು ಹೊಟ್ಟೆಯಲ್ಲಿ ಇರುವಷ್ಟು ದಿನ ಈ 260ರ ಎಣಿಕೆ ಎಂದು ಅವರು ವಿವರಿಸುತ್ತಾರೆ. ಆನ್‌ಲೈನಿನಲ್ಲಿ ಓಡಾಡುವ ಒಂದು ‘13 ಚಂದ್ರ’ ಲೆಕ್ಕ ಪಶ್ಚಿಮದವರು ಇತ್ತೀಚೆಗೆ ಮಾಡಿದ್ದು. ಫೆಬ್ರವರಿ 29 ಬಂದರೆ ಅವರು ಆ ದಿನವನ್ನೇ ಎಣಿಸುವುದಿಲ್ಲ. ಬೆಟ್ಟದ ಊರಿನವರು ಒಂದು ದಿನವನ್ನೂ ಬಿಡದೆ ಎಣಿಸುತ್ತಾರೆ. ಹಾಗಾಗಿ ಕಲಿಸುವವರನ್ನು ಒಂದೇ ಪ್ರಶ್ನೆ ಕೇಳಿ: ಫೆಬ್ರವರಿ 29ಕ್ಕೆ ಏನು ಮಾಡುತ್ತೀರಿ? ಬಿಟ್ಟುಬಿಡುತ್ತೇವೆ ಎಂದರೆ ನೀವೂ ಬಿಟ್ಟುಬಿಡಿ. ಅದು ಧ್ಯಾನಕ್ಕೋ ಸಮಾಧಾನಕ್ಕೋ ಆಗಬಹುದು, ಮಾಯಾ ಅಲ್ಲ.

ಮುಂದೆ ಎಂದಾದರೂ ಅಲ್ಲಿಗೆ ಹೋಗುವ ಯೋಚನೆ ಬಂದರೆ ಅದೂ ಒಂದು ದಾರಿಯೇ. ಖರ್ಚು ಜಾಸ್ತಿ, ಆದರೆ ಕಲಿಕೆ ಹತ್ತು ಪಟ್ಟು. ಗ್ವಾಟೆಮಾಲಾದ ಆಂಟಿಗ್ವಾ, ಕೆತ್ಸಾಲ್ತೆನಾಂಗೊ ಊರುಗಳಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ ಎಂಬಂತೆ ಪಾಠ ಮಾಡುತ್ತಾರೆ. ಮನೆಯವರ ಜೊತೆ ಇರಬಹುದು. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿ, ರೊಟ್ಟಿ ಮಾಡುವುದನ್ನು ನೋಡಬಹುದು. ಸುಣ್ಣ ಹಾಕುವುದು ಸುಮ್ನೆ ಅಲ್ಲ. ಅದಿಲ್ಲದಿದ್ದರೆ ಜೋಳದಲ್ಲಿರುವ ಒಂದು ಮುಖ್ಯ ಬಿ ವಿಟಮಿನ್ ಮೈಗೆ ಹತ್ತುವುದಿಲ್ಲ. ಯುರೋಪಿನವರು ಜೋಳ ಒಯ್ದರು, ಸುಣ್ಣ ಮರೆತರು, ಪೆಲಾಗ್ರ ರೋಗ ತಂದುಕೊಂಡರು.

ಆದರೆ ಹೋಗುವ ಮೊದಲು ಆ ದೇಶ ಕಂಡದ್ದೇನು ಎಂದು ಓದಿಕೊಳ್ಳಿ. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. 2 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು ಎಂದು 1999ರಲ್ಲಿ ಸತ್ಯಶೋಧನಾ ಆಯೋಗ ಹೇಳಿತು. ಗುರುತು ಸಿಕ್ಕವರಲ್ಲಿ 83 ಶೇಕಡಾ ಮಾಯಾ ಜನ. ಕೆಲವು ವರ್ಷ ತಮ್ಮ ಊರಿನ ನೇಯ್ಗೆಯ ರವಿಕೆ ತೊಟ್ಟರೂ, ತಮ್ಮ ಭಾಷೆ ಆಡಿದರೂ ಅಪಾಯ ಎನ್ನುವಂತಿತ್ತು. ನೀವು ‘ಮಾಯಾ ಜನ ಎಲ್ಲಿ ಮಾಯವಾದರು’ ಎಂದು ತಮಾಷೆಗೆ ಕೇಳಿದರೆ ಎದುರಿಗಿರುವವರ ಮನೆಯಲ್ಲಿ ನಿಜವಾಗಿಯೂ ಯಾರೋ ಕಾಣೆಯಾಗಿರಬಹುದು. ಅವರ ಮಾತನ್ನು ಉಪಭಾಷೆ ಎನ್ನಬೇಡಿ, ಅಲ್ಲಿ ಅದು ಕೀಳು ಮಾಡುವ ಪದ. ಪೂಜೆ ನಡೆಯುವಾಗ ಮೊಬೈಲ್ ಎತ್ತಬೇಡಿ. ಹಳೆಯ ಮಡಕೆ, ಗೊಂಬೆ ಎಂದು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಮುಟ್ಟಬೇಡಿ. ನಿಜವಾದದ್ದಾದರೆ ಕಳ್ಳಮಾಲು, ಅಲ್ಲವಾದರೆ ಮೋಸ.

ಹೊರಗಿನವರು ಇದನ್ನು ಕಲಿಯುವುದು ಸರಿಯೇ ಎಂಬ ಸಂಕೋಚ ಬೇಡ. ಅಮೆರಿಕದ ಲಿಂಡಾ ಶೀಲೆ, ಜರ್ಮನಿಯ ನಿಕೋಲಾಯ್ ಗ್ರೂಬೆ 1980ರ ದಶಕದ ಕೊನೆಯಿಂದ ಗ್ವಾಟೆಮಾಲಾದಲ್ಲಿ ಮಾಯಾ ಜನರಿಗೇ ಲಿಪಿಯ ಶಿಬಿರ ನಡೆಸಿದರು. ಈಗ ಅಲ್ಲಿನ ಮೇಷ್ಟ್ರುಗಳು, ಹುಡುಗರು ತಾವೇ ಓದುತ್ತಾರೆ, ಬರೆಯುತ್ತಾರೆ. ಸಾಧ್ಯವಾದಾಗ ಅಂಥವರ ಬಳಿಯೇ ಪಾಠ ಹೇಳಿಸಿಕೊಳ್ಳಿ, ಅವರಿಗೇ ಫೀಸು ಕೊಡಿ.

ಇವತ್ತು ರಾತ್ರಿಯೇ ಶುರು ಮಾಡಬೇಕು ಎನ್ನಿಸಿದರೆ ಎರಡು ಕೆಲಸ ಕೊಡುತ್ತೇನೆ. ಒಂದು, ಯುಕತಾನಿನ ಈ ಮಾತನ್ನು ಬಾಯಿಗೆ ತಂದುಕೊಳ್ಳಿ: ‘ಬಿಶ್ ಆ ಬೇಲ್’. ಹೇಗಿದ್ದೀಯ ಎಂದು ಕೇಳುವ ಮಾತು. ಪದಕ್ಕೆ ಪದ ಇಟ್ಟರೆ ‘ನಿನ್ನ ದಾರಿ ಹೇಗಿದೆ’. ಲಾಂದಾ ಮುಂದೆ ಕೂತ ಬರಹಗಾರ ಬರೆದ ಹೆಜ್ಜೆ ಗುರುತಿನ ಬೆ, ಅದೇ ದಾರಿ, ಇದರೊಳಗೆ ಇದೆ. ಎರಡು, ಆ ಕೈಪಿಡಿ ತೆಗೆದು ‘ಕ-ಕ-ವ’ ಹುಡುಕಿ. ಮೀನಿನಂತಿರುವುದು ಕ. ಓದಿದರೆ ಕಕಾವ್. ಪುತ್ತೂರು ಕಡೆ ಅಡಿಕೆ ಮರದ ನೆರಳಲ್ಲಿ ಬೆಳೆಯುತ್ತಾರಲ್ಲ, ಆ ಕೋಕೋ.

ಈಗ ಹಚ್ಚೆ. ಹಾಸನ ಎಂದು ಬರೆಯಲು ಹ, ಸ, ನ ಮೂರೂ ಅವರ ಲಿಪಿಯಲ್ಲಿ ಇವೆ. ಅಂಗಡಿಯವರು ಇಂಟರ್ನೆಟ್ಟಿನಿಂದ ತೆಗೆದ ಚಿತ್ರ ನಂಬಬೇಡಿ, ಕೈಪಿಡಿಯಿಂದ ನೀವೇ ಬರೆದುಕೊಂಡು ಹೋಗಿ. ಆದರೆ ಒಂದು ತೊಡಕಿದೆ. ಬಲಮ್ ನೆನಪಿದೆಯಲ್ಲ? ಕೊನೆಯ ಅಕ್ಷರದ ಸ್ವರ ಬಾಯಲ್ಲಿ ಬೀಳುತ್ತದೆ. ಹ-ಸ-ನ ಎಂದು ಬರೆಸಿಕೊಂಡರೆ ಮಾಯಾ ಓದುಗ ಅದನ್ನು ‘ಹಸನ್’ ಎಂದೇ ಓದುತ್ತಾನೆ, ರೈಲಿನಲ್ಲಿ ಸಿಗುವ ಉತ್ತರದ ಪ್ರಯಾಣಿಕರು ನಿಮ್ಮ ಊರನ್ನು ಕರೆಯುವ ಹಾಗೆ. ಅದು ಬೇಡವಾದರೆ ಕೊನೆಗೆ ಇನ್ನೊಂದು ಅ ಸೇರಿಸಿ ನೋಡಿ. ಮೊದಲು ಪೆನ್ನಿನಲ್ಲಿ. ಆರು ತಿಂಗಳಾದ ಮೇಲೂ ಚೆಂದ ಕಂಡರೆ ಸೂಜಿಗೆ ತೋಳು ಕೊಡಿ.